ಪಾಷಾಣ್ ರಸ್ತೆಯಲ್ಲಿ ಅಣುವಿನ ಹುಡುಕಾಟ

ಜ್ವರ, ಮೈಕೈ ನೋವು ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಡೋಲೋ-650. ಅದನ್ನು ತಯಾರಿಸುವುದು ಬೆಂಗಳೂರಿನ ಮೈಕ್ರೋ ಲ್ಯಾಬ್ಸ್. ಸ್ಟ್ರಿಪ್ ತಿರುಗಿಸಿ ನೋಡಿದರೆ ಒಳಗಿರುವುದು ಪ್ಯಾರಾಸಿಟಮಾಲ್ ಎಂದು ಬರೆದಿರುತ್ತದೆ. ಅಮೆರಿಕದ ಔಷಧ ಅಂಗಡಿಯಲ್ಲಿ ಅದೇ ಪದಾರ್ಥವನ್ನು ಅಸೆಟಮಿನೋಫೆನ್ ಎಂದು ಕೇಳಬೇಕು. ಸಂಶೋಧನಾ ಪ್ರಬಂಧದಲ್ಲಾದರೆ 4-ಹೈಡ್ರಾಕ್ಸಿಅಸೆಟನಿಲೈಡ್ ಎಂದೂ ಇರಬಹುದು, ಎನ್-ಅಸಿಟೈಲ್-ಪ್ಯಾರಾ-ಅಮೈನೋಫಿನಾಲ್ ಎಂದೂ ಇರಬಹುದು. ಊರಲ್ಲಿ ಒಬ್ಬನಿಗೇ ಶಾಲೆಯ ದಾಖಲೆಯಲ್ಲೊಂದು ಹೆಸರು, ಮನೆಯವರು ಕರೆಯುವುದೊಂದು, ಗೆಳೆಯರು ಇಟ್ಟ ಅಡ್ಡಹೆಸರು ಮತ್ತೊಂದು ಇರುತ್ತದಲ್ಲ, ಹಾಗೆ. ಊರಿನವನನ್ನಾದರೆ ಮುಖ ನೋಡಿ ಗುರುತು ಹಿಡಿಯಬಹುದು. ಅಣುವನ್ನು ಗುರುತು ಹಿಡಿಯುವುದನ್ನು ಕಂಪ್ಯೂಟರಿಗೆ ಕಲಿಸಲು ರಸಾಯನ ವಿಜ್ಞಾನಿಗಳು ಬಹಳ ಕಾಲ ದುಡಿದಿದ್ದಾರೆ. ಆ ದುಡಿಮೆಯಲ್ಲಿ ಪುಣೆಯ ಪಾಲೂ ಇದೆ.

ಪುಣೆಯ ಪಾಷಾಣ್ ರಸ್ತೆಯಲ್ಲಿ, ಈಗ ಡಾ. ಹೋಮಿ ಭಾಭಾ ಅವರ ಹೆಸರಿನ ಆ ರಸ್ತೆಯಲ್ಲಿ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಎಲ್ಲರ ಬಾಯಲ್ಲೂ ಅದು ಎನ್‌ಸಿಎಲ್. ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದ್ದು 1950ರ ಜನವರಿ 3ರಂದು. ಅದರ ಮೊದಲ ಭಾರತೀಯ ನಿರ್ದೇಶಕ ಕೆ. ವೆಂಕಟರಾಮನ್ ಬಣ್ಣಗಳ ರಸಾಯನ ಶಾಸ್ತ್ರದಲ್ಲಿ ಜಗತ್ತಿಗೇ ದೊಡ್ಡ ಹೆಸರು. ಕೃತಕ ಬಣ್ಣಗಳ ಕುರಿತು ಅವರು ಹೊರತಂದ ಹಲವು ಸಂಪುಟಗಳ ಗ್ರಂಥ ದಶಕಗಳ ಕಾಲ ಆ ಕ್ಷೇತ್ರದವರಿಗೆ ಆಧಾರವಾಗಿತ್ತು. ಯಾರು, ಯಾವ ವರ್ಷ, ಯಾವ ಬಣ್ಣವನ್ನು, ಯಾವುದರಿಂದ ತಯಾರಿಸಿದರು, ಪೇಟೆಂಟ್ ಯಾರದು ಎಂಬುದನ್ನೆಲ್ಲ ಕಂಪ್ಯೂಟರ್ ನೆರವಿಲ್ಲದ ಕಾಲದಲ್ಲಿ ಮುದ್ರಿತ ಪುಟಗಳಿಂದ ಹೆಕ್ಕಿ ಜೋಡಿಸುವ ಕೆಲಸ ಅದು. ಪ್ರಯೋಗಾಲಯ ಎಂದರೆ ಗಾಜಿನ ಪಾತ್ರೆ, ಬರ್ನರ್, ಹೊಗೆ ಎಂದು ನಾವು ಚಿತ್ರಿಸಿಕೊಳ್ಳುತ್ತೇವೆ. ರಸಾಯನ ವಿಜ್ಞಾನದ ಅರ್ಧ ಕೆಲಸ ನಡೆಯುವುದು ಗ್ರಂಥಾಲಯದಲ್ಲಿ. ಈಗಾಗಲೇ ಯಾರೋ ಮಾಡಿಟ್ಟದ್ದನ್ನು ಗೊತ್ತಿಲ್ಲದೆ ಮತ್ತೆ ಮಾಡಿದರೆ ಹೋಗುವುದು ವರ್ಷಗಟ್ಟಲೆ ಶ್ರಮ ಮತ್ತು ಸಾರ್ವಜನಿಕರ ಹಣ.

ಆ ಕಾಲದ ದೊಡ್ಡ ಆಸರೆ ‘ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್’. ಅಮೆರಿಕನ್ ಕೆಮಿಕಲ್ ಸೊಸೈಟಿ 1907ರಲ್ಲಿ ಆರಂಭಿಸಿದ ಈ ಪತ್ರಿಕೆ ಜಗತ್ತಿನ ರಸಾಯನ ಪ್ರಬಂಧಗಳನ್ನೂ ಪೇಟೆಂಟ್‌ಗಳನ್ನೂ ಓದಿ ಒಂದೊಂದರ ಸಾರಾಂಶ ಕೊಡುತ್ತಿತ್ತು. ಮೊದಲ ವರ್ಷ ಬಂದ ಸಾರಾಂಶಗಳು ಸುಮಾರು 12,000. ಮುಂದೆ ಅದು ಬೆಳೆದು ಗ್ರಂಥಾಲಯಗಳ ಗೋಡೆಗೋಡೆಗಳನ್ನೇ ತುಂಬಿತು. ಸಾರಾಂಶ ಬರೆದವರಲ್ಲಿ ಬಹುಪಾಲು ಮಂದಿ ಬೇರೆ ಬೇರೆ ದೇಶಗಳ ಸ್ವಯಂಸೇವಕ ರಸಾಯನ ವಿಜ್ಞಾನಿಗಳು. ಇಂದು ಒಂದು ಗುಂಡಿ ಒತ್ತಿದಾಗ ಪರದೆಯ ಮೇಲೆ ಬರುವ ಹಳೆಯ ಫಲಿತಾಂಶಗಳ ಹಿಂದೆ ಅವರ ಸಂಜೆಗಳಿವೆ. ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದೇ ನನ್ನ ಭಾವನೆ.

ಮುದ್ರಿತ ಸಂಪುಟದಲ್ಲಿ ಹುಡುಕಲು ಸೂಚಿಗಳಿದ್ದವು. ಹೆಸರಿನ ಸೂಚಿ, ವಿಷಯ ಸೂಚಿ, ಅಣುಸೂತ್ರದ ಸೂಚಿ. ಸೂತ್ರದಿಂದ ಹುಡುಕುವುದು ಸುಲಭ ಅನ್ನಿಸುತ್ತದೆ, ಆದರೆ ಅಲ್ಲೊಂದು ತೊಡಕು. ಪ್ಯಾರಾಸಿಟಮಾಲ್ ಅಣುವಿನಲ್ಲಿ 8 ಇಂಗಾಲ, 9 ಜಲಜನಕ, 1 ಸಾರಜನಕ, 2 ಆಮ್ಲಜನಕ. ಮಲ್ಲಿಗೆಯ ಎಣ್ಣೆಯಲ್ಲಿ ಸಿಗುವ, ದ್ರಾಕ್ಷಿಯ ಘಮ ಕೊಡುವ ಮೀಥೈಲ್ ಆಂಥ್ರನಿಲೇಟ್‌ನಲ್ಲೂ ಇಷ್ಟೇ ಪರಮಾಣುಗಳು, ಇದೇ ಲೆಕ್ಕ. ಒಂದು ಜ್ವರದ ಔಷಧ, ಇನ್ನೊಂದು ಪರಿಮಳ ದ್ರವ್ಯ. ಸೂತ್ರದ ಸೂಚಿಯಲ್ಲಿ ಎರಡೂ ಒಂದೇ ಸಾಲಿನ ಕೆಳಗೆ ಬಂದು ಕೂರುತ್ತವೆ. ಅಣುವನ್ನು ಅಣುವಾಗಿಸುವುದು ಅದರಲ್ಲಿರುವ ಪರಮಾಣುಗಳ ಸಂಖ್ಯೆ ಅಲ್ಲ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬ ಜೋಡಣೆ.

ಕಂಪ್ಯೂಟರ್ ಈ ಕ್ಷೇತ್ರಕ್ಕೆ ಬಂದದ್ದು ಬೇಗ. 1961ರಲ್ಲಿ ಆರಂಭವಾದ ‘ಕೆಮಿಕಲ್ ಟೈಟಲ್ಸ್’ ಕಂಪ್ಯೂಟರಿನಿಂದಲೇ ಸೂಚಿ ತಯಾರಾಗಿ ಅಚ್ಚಾದ ಮೊದಲ ನಿಯತಕಾಲಿಕ. ಆದರೆ ಅದು ಶೀರ್ಷಿಕೆಯ ಪದಗಳನ್ನಷ್ಟೇ ಸಾಲಾಗಿ ಜೋಡಿಸುತ್ತಿತ್ತು. ಅಣುವಿನ ಜೋಡಣೆಯನ್ನೇ ಯಂತ್ರಕ್ಕೆ ತಿಳಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1965ರಲ್ಲಿ. ಆ ವರ್ಷ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸೇವಾ ಸಂಸ್ಥೆ (ಸಿಎಎಸ್) ಪದಾರ್ಥಗಳ ನೋಂದಣಿ ಶುರುಮಾಡಿತು. ಅಲ್ಲಿನ ಹ್ಯಾರಿ ಮಾರ್ಗನ್ ಅಣುವಿನ ಪರಮಾಣುಗಳಿಗೆ ಕ್ರಮಸಂಖ್ಯೆ ಕೊಡುವ ವಿಧಾನವೊಂದನ್ನು ಪ್ರಕಟಿಸಿದರು. ಚಿತ್ರವನ್ನು ತಲೆಕೆಳಗಾಗಿ ಬರೆದರೂ, ಬಲದಿಂದ ಎಡಕ್ಕೆ ಬರೆದರೂ, ಯಂತ್ರಕ್ಕೆ ಸಿಗುವ ಉತ್ತರ ಒಂದೇ ಆಗಬೇಕು ಎಂಬುದು ಅದರ ಗುರಿ.

ಈ ವಿಧಾನ ಎಷ್ಟು ಸರಳ ಎಂಬುದನ್ನು ಪ್ಯಾರಾಸಿಟಮಾಲ್ ಮೇಲೆಯೇ ಮಾಡಿ ನೋಡಬಹುದು. ಜಲಜನಕ ಬಿಟ್ಟರೆ ಉಳಿಯುವ ಪರಮಾಣುಗಳು 11. ಪ್ರತಿಯೊಂದಕ್ಕೂ ಎಷ್ಟು ನೆರೆಯವರಿದ್ದಾರೆ ಎಂದು ಎಣಿಸಿ ಆ ಅಂಕೆಯನ್ನು ಪಕ್ಕದಲ್ಲಿ ಬರೆಯಿರಿ. ಮೂರು ಇಂಗಾಲಗಳಿಗೆ 3 ಎಂಬ ಅಂಕೆ ಬರುತ್ತದೆ: ಉಂಗುರದಲ್ಲಿ ಆಮ್ಲಜನಕ ಹೊತ್ತಿರುವ ಇಂಗಾಲ, ಉಂಗುರದಲ್ಲೇ ಸಾರಜನಕ ಹೊತ್ತಿರುವ ಇಂಗಾಲ, ಬಾಲದಲ್ಲಿರುವ ಕಾರ್ಬೊನಿಲ್ ಇಂಗಾಲ. ಮೂರೂ ಒಂದೇ ರೀತಿ ಕಾಣುತ್ತಿವೆ. ಈಗ ಎರಡನೇ ಸುತ್ತು. ಪ್ರತಿ ಪರಮಾಣುವಿಗೂ ಅದರ ನೆರೆಯವರ ಅಂಕೆಗಳನ್ನು ಕೂಡಿಸಿ ಕೊಡಿ. ಬಾಲದ ಇಂಗಾಲಕ್ಕೆ 4, ಆಮ್ಲಜನಕ ಹೊತ್ತದ್ದಕ್ಕೆ 5, ಸಾರಜನಕ ಹೊತ್ತದ್ದಕ್ಕೆ 6. ಒಂದೇ ಸುತ್ತಿನಲ್ಲಿ ಮೂರೂ ಬೇರೆಬೇರೆ ಆದವು. ಹೊಸ ವ್ಯತ್ಯಾಸ ಕಾಣಿಸದಾಗುವವರೆಗೆ ಹೀಗೆ ಕೂಡುತ್ತ ಹೋಗಿ, ಅತಿ ದೊಡ್ಡ ಅಂಕೆಯ ಪರಮಾಣುವಿನಿಂದ ಎಣಿಕೆ ಶುರುಮಾಡುವುದು. ಕೂಡುವ ಲೆಕ್ಕ ಬಲ್ಲ ಯಾರಾದರೂ ಕಾಗದದ ಮೇಲೆ ಮಾಡಬಹುದಾದ ಈ ಕ್ರಮದ ಮೇಲೆ ಜಗತ್ತಿನ ಅತಿ ದೊಡ್ಡ ರಾಸಾಯನಿಕ ಡೇಟಾಬೇಸ್ ನಿಂತಿತು. ಇಂದು ಆ ನೋಂದಣಿಯಲ್ಲಿ 20 ಕೋಟಿಗೂ ಹೆಚ್ಚು ಪದಾರ್ಥಗಳಿವೆ.

ನೋಂದಣಿಯಾದ ಪ್ರತಿ ಪದಾರ್ಥಕ್ಕೂ ಒಂದು ಸಂಖ್ಯೆ. ಪುಣೆಯಿಂದ ಸೋಲಾಪುರದ ಕಡೆಗೆ ಹೊರಟರೆ ದೌಂಡ್ ತಾಲೂಕಿನ ಕುರ್ಕುಂಭದಲ್ಲಿ ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ಪ್ರದೇಶವಿದೆ. ಇಂಥ ಕಡೆ ಬರುವ ರಾಸಾಯನಿಕಗಳ ಡ್ರಮ್ಮಿನ ಲೇಬಲ್ಲಿನಲ್ಲೋ ಜೊತೆಗಿರುವ ಸುರಕ್ಷತಾ ಹಾಳೆಯಲ್ಲೋ ‘ಸಿಎಎಸ್ ನಂಬರ್’ ಎಂದು ಮೂರು ತುಂಡಿನ ಸಂಖ್ಯೆ ಇರುತ್ತದೆ. ಪ್ಯಾರಾಸಿಟಮಾಲ್‌ನದು 103-90-2. ಕೊನೆಯ ಅಂಕೆ ಕಾವಲಿಗೆ ನಿಂತದ್ದು. ಅದನ್ನು ಬಿಟ್ಟು ಉಳಿದ ಅಂಕೆಗಳನ್ನು ಬಲದಿಂದ ಎಡಕ್ಕೆ 1, 2, 3, 4, 5ರಿಂದ ಗುಣಿಸಿ ಕೂಡಿಸಿ: ಸೊನ್ನೆ, 18, 9, ಸೊನ್ನೆ, 5. ಒಟ್ಟು 32. ಬಿಡಿ ಸ್ಥಾನದಲ್ಲಿ 2, ಲೇಬಲ್ಲಿನ ಕೊನೆಯ ಅಂಕೆಯೂ 2. ಬರೆಯುವಾಗ ಒಂದು ಅಂಕೆ ತಪ್ಪಿದರೆ ಹೆಚ್ಚಿನ ಸಲ ಲೆಕ್ಕ ಕೂಡಿಬರುವುದಿಲ್ಲ. ಅರಿಶಿನದ ಕುರ್ಕ್ಯುಮಿನ್‌ಗೆ 458-37-7. ಮೊತ್ತ 77, ಅದೂ ಸರಿ. ಗೋದಾಮಿನಲ್ಲಿ ನಿಂತ ಕಾರ್ಮಿಕನಿಗೂ ಸಾಧ್ಯವಾಗುವ ಈ ಪರೀಕ್ಷೆಯನ್ನು ನಮ್ಮ ತರಬೇತಿಗಳಲ್ಲಿ ಹೇಳಿಕೊಡಬೇಕು. ಸೋರಿಕೆಯಾದ ಹೊತ್ತಿನಲ್ಲಿ ವ್ಯಾಪಾರನಾಮ ಹಿಡಿದು ಹುಡುಕುತ್ತ ಕೂರುವುದಕ್ಕೂ ಈ ಸಂಖ್ಯೆ ಹಿಡಿದು ನೇರವಾಗಿ ಸುರಕ್ಷತಾ ಮಾಹಿತಿಗೆ ಹೋಗುವುದಕ್ಕೂ ಇರುವ ಅಂತರ ಜೀವದ ಪ್ರಶ್ನೆ ಆಗಬಹುದು.

ಅಮೆರಿಕದ ಓಹಾಯೋದಲ್ಲಿ ಬೆಳೆದ ಈ ಭಂಡಾರ ಪುಣೆಗೆ ಬಂದದ್ದು ಹೇಗೆ? ಕೇಂದ್ರ ಸರ್ಕಾರ 1977ರಲ್ಲಿ ನಿಸ್ಸಾಟ್ ಎಂಬ ರಾಷ್ಟ್ರೀಯ ವಿಜ್ಞಾನ ಮಾಹಿತಿ ವ್ಯವಸ್ಥೆಯನ್ನು ಆರಂಭಿಸಿತು. ಎಲ್ಲವನ್ನೂ ದೆಹಲಿಯಲ್ಲಿ ಗುಡ್ಡೆ ಹಾಕದೆ, ಆಯಾ ವಿಷಯದ ಮಾಹಿತಿ ಕೇಂದ್ರವನ್ನು ಆ ವಿಷಯದ ಪ್ರಯೋಗಾಲಯದಲ್ಲೇ ಇಡಬೇಕು ಎಂಬ ಒಳ್ಳೆಯ ತೀರ್ಮಾನ ಅದರದು. ಆಹಾರ ವಿಜ್ಞಾನದ ಕೇಂದ್ರ ಮೈಸೂರಿನ ಸಿಎಫ್‌ಟಿಆರ್‌ಐಗೆ, ಯಂತ್ರೋಪಕರಣದ್ದು ಬೆಂಗಳೂರಿಗೆ, ಚರ್ಮದ್ದು ಮದ್ರಾಸಿಗೆ, ಔಷಧದ್ದು ಲಖನೌಗೆ ಹೋಯಿತು. ರಸಾಯನದ್ದು ಎನ್‌ಸಿಎಲ್‌ಗೆ ಬಂತು. ಅದರ ಹೆಸರು ನಿಕೆಮ್. ಈ ಕೆಲಸಕ್ಕೆ ಬೇಕಾದ ಬುದ್ಧಿಯ ಅಡಿಪಾಯ ಕರ್ನಾಟಕದಲ್ಲೂ ಬಿದ್ದಿತ್ತು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಡಿಆರ್‌ಟಿಸಿ, ಒಂದು ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ಹುಡುಕುವುದು ಹೇಗೆ ಎಂಬುದನ್ನೇ ಪಾಠ ಮಾಡುತ್ತಿತ್ತು.

ಆಗಿನ ಹುಡುಕಾಟದಲ್ಲಿ ಸಂಶೋಧಕನಿಗೂ ಡೇಟಾಬೇಸಿಗೂ ನಡುವೆ ಒಬ್ಬ ಮಾಹಿತಿ ತಜ್ಞ ಇರುತ್ತಿದ್ದ. ದೂರವಾಣಿ ಜಾಲದ ಮೂಲಕ ವಿದೇಶಿ ಡೇಟಾಬೇಸಿಗೆ ಸಂಪರ್ಕ ಸಾಧಿಸಬೇಕಿತ್ತು, ಸಂಪರ್ಕದಲ್ಲಿದ್ದ ಹೊತ್ತಿಗೆಲ್ಲ ಡಾಲರ್ ಲೆಕ್ಕದಲ್ಲಿ ಹಣ. ಹಾಗಾಗಿ ಪ್ರಶ್ನೆಯನ್ನು ಮೊದಲು ಕಾಗದದ ಮೇಲೆ ತಿದ್ದಿತೀಡುತ್ತಿದ್ದರು. ಯಾವ ಪದ ಇರಲೇಬೇಕು, ಯಾವುದು ಇರಬಾರದು, ಯಾವುದಕ್ಕೆ ಪರ್ಯಾಯ ಹೆಸರುಗಳಿವೆ ಎಂಬುದೆಲ್ಲ ತೀರ್ಮಾನವಾದ ಮೇಲೆಯೇ ಕೀಲಿಮಣೆಗೆ ಕೈ. ಸಂಶೋಧಕನಿಗೆ ನಿಜಕ್ಕೂ ಬೇಕಾದದ್ದು ಏನು ಎಂದು ಎದುರು ಕೂತು ಕೇಳಿ ತಿಳಿಯುವುದೇ ಆ ತಜ್ಞನ ದೊಡ್ಡ ವಿದ್ಯೆ. ಇವತ್ತು ಎಲ್ಲರ ಮೇಜಿನ ಮೇಲೂ ಹುಡುಕುವ ಕಿಟಕಿ ಇದೆ, ಆ ಸಂಭಾಷಣೆ ಮಾತ್ರ ಇಲ್ಲವಾಗಿದೆ. ಪ್ರಶ್ನೆಯನ್ನು ಹರಿತಗೊಳಿಸಿಕೊಳ್ಳುವ ಅಭ್ಯಾಸ ಇದರಿಂದ ತಗ್ಗಿದೆ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆಗಳ ಸ್ವರೂಪವನ್ನು ನಿರ್ಧರಿಸಿದ್ದರಲ್ಲಿ ಕಾನೂನಿನ ಪಾತ್ರ ದೊಡ್ಡದು. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಹೀಗಾಗಿ ಎನ್‌ಸಿಎಲ್‌ನಂಥ ಪ್ರಯೋಗಾಲಯಕ್ಕೂ ಸುತ್ತಲಿನ ಔಷಧ ಕಂಪನಿಗಳಿಗೂ ಇದ್ದ ಪ್ರಶ್ನೆ ಒಂದೇ: ಈ ಅಣುವನ್ನು ಇನ್ನೊಂದು ದಾರಿಯಲ್ಲಿ, ಅಗ್ಗವಾಗಿ, ನಮ್ಮಲ್ಲಿ ಸಿಗುವ ಕಚ್ಚಾವಸ್ತುವಿನಿಂದ ಮಾಡಲು ಸಾಧ್ಯವೇ? ಯಾರು ಯಾವ ದಾರಿ ಹಿಡಿದಿದ್ದಾರೆ ಎಂಬುದು ತಿಳಿದರೆ ತಾನೇ ಹೊಸ ದಾರಿ ಹುಡುಕುವುದು? ಭಾರತದ ಅಗ್ಗದ ಔಷಧಗಳ ಕಥೆಯಲ್ಲಿ ಸಾಹಿತ್ಯ ಶೋಧನೆಯ ಈ ಅಧ್ಯಾಯವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಹೇಳಬೇಕು.

ಹಳೆಯ ದಾಖಲೆ ಆಯುಧವೂ ಆಗಬಲ್ಲದು ಎಂಬುದು ಗೊತ್ತಾದದ್ದು ಅರಿಶಿನದ ಪ್ರಕರಣದಲ್ಲಿ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಎನ್‌ಸಿಎಲ್ ನಿರ್ದೇಶಕ ಹುದ್ದೆಯಿಂದ ಅದರ ಮಾತೃಸಂಸ್ಥೆ ಸಿಎಸ್‌ಐಆರ್‌ನ ಮಹಾನಿರ್ದೇಶಕರಾಗಿ ಹೋದವರು ರಘುನಾಥ ಮಾಶೇಲ್ಕರ್. ಸಿಎಸ್‌ಐಆರ್ ಆ ಪೇಟೆಂಟನ್ನು ಪ್ರಶ್ನಿಸಿತು. ನಮ್ಮ ಅಜ್ಜಿಯಂದಿರೆಲ್ಲ ಬಲ್ಲರು ಎಂದರೆ ಪೇಟೆಂಟ್ ಕಚೇರಿ ಕೇಳುವುದಿಲ್ಲ, ಬರವಣಿಗೆಯ ಪುರಾವೆ ಬೇಕು. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳು, 1953ರ ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕದ ಪ್ರಬಂಧ ಸೇರಿ 32 ಆಧಾರಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಪುರಾವೆಗಳು ಪರೀಕ್ಷಕರ ಕಂಪ್ಯೂಟರಿನಲ್ಲಿ ಮೊದಲೇ ಇದ್ದಿದ್ದರೆ ಪೇಟೆಂಟ್ ಸಿಗುತ್ತಲೇ ಇರಲಿಲ್ಲ. ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ 2001ರಲ್ಲಿ ಆರಂಭವಾದದ್ದು ಈ ಪಾಠದಿಂದ.

2005ರಲ್ಲಿ ಔಷಧದ ಅಣುವಿಗೇ ಪೇಟೆಂಟ್ ಕೊಡುವ ತಿದ್ದುಪಡಿ ಬಂದ ಮೇಲೆ ಪ್ರಶ್ನೆ ತಿರುಗಿತು. ಈಗ ಕೇಳಬೇಕಾದದ್ದು: ಈ ಅಣು ಈಗಾಗಲೇ ಯಾರ ಹಕ್ಕಿನೊಳಗಿದೆ? ಇದು ಅತ್ಯಂತ ಕಷ್ಟದ ಹುಡುಕಾಟ. ಯಾಕೆಂದರೆ ಪೇಟೆಂಟಿನಲ್ಲಿ ಅಣುವಿನ ನಡುಭಾಗವನ್ನು ಮಾತ್ರ ಬಿಡಿಸಿ, ಉಳಿದ ತುದಿಗಳಲ್ಲಿ ‘ಇದು ಅಥವಾ ಅದು ಅಥವಾ ಮತ್ತೊಂದು’ ಎಂದು ಬರೆಯುವ ಪದ್ಧತಿ ಇದೆ. 1924ರಲ್ಲಿ ಬಣ್ಣದ ಪೇಟೆಂಟಿನಲ್ಲಿ ಈ ರೀತಿ ಬಳಸಿದ ಯುಜೀನ್ ಮಾರ್ಕುಶ್ ಹೆಸರೇ ಅದಕ್ಕೆ ನಿಂತಿದೆ. ಅಂಥ ಒಂದು ವಾಕ್ಯದೊಳಗೆ ಕೋಟಿಗಟ್ಟಲೆ ಅಣುಗಳು ಅಡಗಿರಬಹುದು, ಒಂದರ ಹೆಸರೂ ಅಲ್ಲಿ ಇರುವುದಿಲ್ಲ. ರಕ್ತದ ಕ್ಯಾನ್ಸರಿನ ಔಷಧ ಗ್ಲಿವೆಕ್ ಕುರಿತು ನೋವಾರ್ಟಿಸ್ ಕಂಪನಿ ಹೂಡಿದ್ದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಕೊಟ್ಟ ತೀರ್ಪಿನ ಒಂದು ಮುಖ್ಯ ಎಳೆ ಇದೇ. ಒಂದು ಅಣು ಹಳೆಯ ಪೇಟೆಂಟಿನ ವಿಶಾಲ ಹಕ್ಕಿನೊಳಗೆ ಸೇರಿದೆ ಎನ್ನುತ್ತಲೇ, ಅಲ್ಲಿ ಅದು ಬಹಿರಂಗವಾಗಿರಲಿಲ್ಲ ಎಂದೂ ಹೇಳಲು ಬರುತ್ತದೆಯೇ? ಬರುವುದಿಲ್ಲ ಎಂದಿತು ನ್ಯಾಯಾಲಯ. ಎನ್‌ಸಿಎಲ್ ಆವರಣದ ತಪೋವನದಲ್ಲಿರುವ ಸಿಎಸ್‌ಐಆರ್‌ನ ಮಾಹಿತಿ ಉತ್ಪನ್ನಗಳ ಘಟಕ, ಉರ್ಡಿಪ್, ಇಂದು ಮಾಡುತ್ತಿರುವುದು ಮುಖ್ಯವಾಗಿ ಇಂಥ ಪೇಟೆಂಟ್ ಶೋಧನೆ ಮತ್ತು ವಿಶ್ಲೇಷಣೆಯನ್ನು.

ಈ ಮಾಹಿತಿ ಭಂಡಾರದ ಬಾಗಿಲ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆಗೆ ಈಗ ಬರಬೇಕು. ಸೈಫೈಂಡರ್, ರೀಆಕ್ಸಿಸ್‌ನಂಥ ದೊಡ್ಡ ಡೇಟಾಬೇಸ್‌ಗಳಿಗೆ ಚಂದಾ ಕಟ್ಟಬೇಕು. ದೊಡ್ಡ ಪ್ರಯೋಗಾಲಯಗಳೂ ಕಂಪನಿಗಳೂ ಕಟ್ಟುತ್ತವೆ. ಕುರ್ಕುಂಭದ ಸಣ್ಣ ಘಟಕ, ಜಿಲ್ಲಾ ಕೇಂದ್ರದ ಪದವಿ ಕಾಲೇಜು ಕಟ್ಟಲಾರವು. ಈ ಗೋಡೆಯಲ್ಲಿ ದೊಡ್ಡ ಬಿರುಕು ಬಿಟ್ಟದ್ದು 2004ರಲ್ಲಿ, ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪಬ್‌ಕೆಮ್ ತೆರೆದಾಗ. ಯಾರು ಬೇಕಾದರೂ, ಯಾವ ದೇಶದಿಂದಲಾದರೂ, ಉಚಿತವಾಗಿ ಹುಡುಕಬಹುದು. ತಮ್ಮ ಕೆಲಸವನ್ನೇ ಸರ್ಕಾರ ತೆರಿಗೆ ಹಣದಲ್ಲಿ ಮತ್ತೆ ಮಾಡುತ್ತಿದೆ ಎಂದು ಅಮೆರಿಕನ್ ಕೆಮಿಕಲ್ ಸೊಸೈಟಿ 2005ರಲ್ಲಿ ಆಕ್ಷೇಪ ಎತ್ತಿತು. ಪಬ್‌ಕೆಮ್ ಉಳಿಯಿತು, ಬೆಳೆಯಿತು, ಇಂದು ಅಲ್ಲಿ 11 ಕೋಟಿಗೂ ಹೆಚ್ಚು ಸಂಯುಕ್ತಗಳಿವೆ. ಮುಂದೆ ಅದೇ ಸೊಸೈಟಿಯ ಸಂಸ್ಥೆಯೂ ಸುಮಾರು 5 ಲಕ್ಷ ಪದಾರ್ಥಗಳ ‘ಕಾಮನ್ ಕೆಮಿಸ್ಟ್ರಿ’ಯನ್ನು ಉಚಿತವಾಗಿ ಬಿಟ್ಟಿತು. ಡ್ರಮ್ಮಿನ ಸಂಖ್ಯೆ ಹಿಡಿದು ಹೋಗುವವರಿಗೆ ಅದು ಸಾಕಷ್ಟು ಒಳ್ಳೆಯ ದಾರಿ.

ಪುಣೆ ಕೂಡ ಸುಮ್ಮನೆ ಬಳಸುವವರ ಸಾಲಿನಲ್ಲಿ ನಿಂತಿರಲಿಲ್ಲ. ಎನ್‌ಸಿಎಲ್‌ನ ಎಂ. ಕಾರ್ತಿಕೇಯನ್ 2005ರಲ್ಲಿ ಆಂಡ್ರಿಯಾಸ್ ಬೆಂಡರ್ ಜೊತೆ ಸೇರಿ, ಅಣುವಿನ ರಚನೆಯನ್ನೇ ಎರಡು ಆಯಾಮದ ಬಾರ್‌ಕೋಡ್ ಒಳಗೆ ಅಡಕಗೊಳಿಸಿ ಮತ್ತೆ ಓದುವ ವಿಧಾನ ಪ್ರಕಟಿಸಿದರು. ಇಂಥ ಗುರುತನ್ನು ಬಾಟಲಿಗೆ ಅಂಟಿಸಿದರೆ ಯಂತ್ರ ಓದಿ ಒಳಗಿನ ಅಣುವಿನ ಚಿತ್ರ ತೋರಿಸಬಲ್ಲದು. ಮರುವರ್ಷ ಬಂದ ಅವರ ತಂಡದ ಕೆಮ್‌ಎಕ್ಸ್‌ಟ್ರೀಮ್ ಅಂತರ್ಜಾಲದಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ರಾಸಾಯನಿಕ ಮಾಹಿತಿಯನ್ನು ಹೆಕ್ಕುವ ಕೆಲಸವನ್ನು ಹಲವು ಕಂಪ್ಯೂಟರುಗಳಿಗೆ ಹಂಚುತ್ತಿತ್ತು. ಎನ್‌ಸಿಎಲ್‌ನಿಂದಲೇ ಮೋಲ್‌ಟೇಬಲ್ ಎಂಬ ಮುಕ್ತ ತಾಣವೂ ಬಂತು. ಸಾರ್ವಜನಿಕ ಹಣದ ಪ್ರಯೋಗಾಲಯ ಮಾಡಬೇಕಾದ ಕೆಲಸ ಇದು.

ಮುಕ್ತ ಡೇಟಾಬೇಸಿನಲ್ಲಿ ಹೆಸರು ಟೈಪ್ ಮಾಡಬೇಕಾಗಿಯೇ ಇಲ್ಲ. ಪರದೆಯ ಮೇಲೆ ಉಂಗುರ ಬರೆದು, ಬೇಕಾದಲ್ಲಿ ಆಮ್ಲಜನಕ, ಸಾರಜನಕ ಅಂಟಿಸಿ ‘ಹುಡುಕು’ ಎಂದರೆ ಆಯಿತು. ಅಣುವಿನ ಒಂದು ತುಂಡನ್ನಷ್ಟೇ ಬರೆದು, ಇದನ್ನು ಒಳಗೊಂಡ ಎಲ್ಲವನ್ನೂ ತೋರಿಸು ಎನ್ನಬಹುದು. ಯಂತ್ರ ಮೊದಲು ಒರಟಾಗಿ ಸೋಸುತ್ತದೆ: ಬೆಂಜೀನ್ ಉಂಗುರ ಇದೆಯೇ, ಸಾರಜನಕ ಇದೆಯೇ ಎಂಬಂಥ ಹೌದು-ಇಲ್ಲಗಳ ಪಟ್ಟಿ ಪ್ರತಿ ಅಣುವಿಗೂ ಮೊದಲೇ ಸಿದ್ಧವಿರುತ್ತದೆ. ಉಳಿದವುಗಳಲ್ಲಿ ಮಾತ್ರ ಪರಮಾಣುವಿಗೆ ಪರಮಾಣು ಹೊಂದಿಸಿ ನೋಡುತ್ತದೆ. ಇಲ್ಲಿ ಇಂಗ್ಲಿಷಿನ ಹಂಗು ಕಡಿಮೆ. ಕಲಬುರಗಿಯಲ್ಲೋ ಅಕ್ಕಲಕೋಟೆಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಬರೆದ ಷಟ್ಕೋನವೂ ಆಕ್ಸ್‌ಫರ್ಡಿನವರ ಷಟ್ಕೋನವೂ ಯಂತ್ರಕ್ಕೆ ಒಂದೇ. ಈ ಸಮಾನತೆಯನ್ನು ನಮ್ಮ ಪದವಿ ತರಗತಿಗಳು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ಹಾಗೆಂದು ಪರದೆಯ ಮೇಲೆ ಬಂದದ್ದೆಲ್ಲ ನಿಜ, ಬಾರದ್ದು ಜಗತ್ತಿನಲ್ಲೇ ಇಲ್ಲ ಎಂದುಕೊಳ್ಳುವಂತಿಲ್ಲ. ಕುರ್ಕ್ಯುಮಿನ್ ಅಣುವಿನ ನಡುವೆ ಎರಡು ಆಮ್ಲಜನಕಗಳ ಮಧ್ಯೆ ಒಂದು ಜಲಜನಕ ಓಡಾಡಿಕೊಂಡಿರುತ್ತದೆ. ಅದನ್ನು ಇಂಗಾಲದ ಮೇಲೆ ಕೂರಿಸಿ ಬರೆದರೆ ಕೀಟೋ ರೂಪ, ಆಮ್ಲಜನಕದ ಮೇಲೆ ಕೂರಿಸಿದರೆ ಈನಾಲ್ ರೂಪ. ದ್ರಾವಣದಲ್ಲಿ ಹೆಚ್ಚಾಗಿ ಇರುವುದು ಎರಡನೆಯದು. ಪುಸ್ತಕಗಳಲ್ಲಿ ಎರಡೂ ಚಿತ್ರ ಕಾಣುತ್ತವೆ. ಅಂತರರಾಷ್ಟ್ರೀಯ ಗುರುತುಸಾಲಾದ ಇಂಚಿ ಈ ಎರಡಕ್ಕೂ ಬೇರೆಬೇರೆ ಸಾಲು ಕೊಡುತ್ತದೆ. ಒಂದನ್ನೇ ಬರೆದು ಹುಡುಕಿ ಎದ್ದವರಿಗೆ ಇನ್ನೊಂದರ ಕೆಳಗಿರುವ ಮಾಹಿತಿ ಕೈತಪ್ಪಬಹುದು. ರಸಾಯನ ತಿಳಿದವರು ಎರಡನ್ನೂ ಬರೆದು ನೋಡುತ್ತಾರೆ. ಯಂತ್ರ ಎಷ್ಟೇ ಬೆಳೆದರೂ ಈ ತಿಳಿವಳಿಕೆ ಹುಡುಕುವವರ ತಲೆಯಲ್ಲಿ ಇರಲೇಬೇಕು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಡೇಟಾಬೇಸಿಗೆ ಬರುವುದು ಪ್ರಕಟವಾದದ್ದು ಮಾತ್ರ. ಕೈಕೊಟ್ಟ ಪ್ರಯೋಗಗಳು, ಶೇಕಡ 5ರಷ್ಟು ಮಾತ್ರ ಇಳುವರಿ ಕೊಟ್ಟ ದಾರಿಗಳು, ತಯಾರಾದರೂ ಉಪಯೋಗ ಕಾಣದ ಅಣುಗಳು ನೋಟ್‌ಬುಕ್ಕಿನಲ್ಲೇ ಉಳಿಯುತ್ತವೆ. ಪುಣೆಯಲ್ಲೂ ಬೆಂಗಳೂರು, ಮೈಸೂರು, ಧಾರವಾಡಗಳಲ್ಲೂ ವರ್ಷವರ್ಷ ಬರುವ ಪಿಎಚ್‌ಡಿ ಪ್ರಬಂಧಗಳಲ್ಲಿ ಹೊಸ ಅಣುಗಳ ವಿವರ ಇದ್ದೇ ಇರುತ್ತದೆ. ಪ್ರಬಂಧ ಪಿಡಿಎಫ್ ಆಗಿ ಅಂತರ್ಜಾಲಕ್ಕೆ ಏರಿದರೂ ಒಳಗಿನ ಅಣುವಿನ ಚಿತ್ರ ಯಂತ್ರಕ್ಕೆ ಬರೀ ಗೆರೆಗಳ ಗುಂಪು, ಅದನ್ನು ಬರೆದು ಹುಡುಕಿದವರಿಗೆ ಸಿಗುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಗೆ ಹೊಸ ಅಣುಗಳನ್ನು ಕಲ್ಪಿಸಲು ಹೇಳಿಕೊಡುತ್ತಿರುವಾಗ ಈ ಕೊರತೆ ಇನ್ನಷ್ಟು ಚುಚ್ಚುತ್ತದೆ. ಸೋತ ಪ್ರಯೋಗಗಳನ್ನು ಕಾಣದ ಯಂತ್ರಕ್ಕೆ ಸೋಲಿನ ಗುರುತು ಹತ್ತುವುದು ಹೇಗೆ?

ಇದಕ್ಕೆ ಬೇಕಾದ ವ್ಯವಸ್ಥೆ ದೊಡ್ಡದೇನಲ್ಲ. ಸಾರ್ವಜನಿಕ ಹಣದಲ್ಲಿ ರಸಾಯನದ ಪಿಎಚ್‌ಡಿ ಮಾಡುವ ಪ್ರತಿಯೊಬ್ಬರೂ ಪ್ರಬಂಧದ ಜೊತೆಗೇ ಮತ್ತೊಂದು ಕಡತ ಕೊಡಬೇಕೆಂದು ವಿಶ್ವವಿದ್ಯಾಲಯಗಳು ನಿಯಮ ಮಾಡಲಿ. ಅದರಲ್ಲಿ ಪ್ರತಿ ಅಣುವಿನ ರಚನೆ ಯಂತ್ರ ಓದುವ ರೂಪದಲ್ಲಿರಲಿ. ಕರಗುವ ಬಿಂದು, ಎನ್‌ಎಂಆರ್ ರೋಹಿತ, ಬಳಸಿದ ದ್ರಾವಕ, ಸಿಕ್ಕ ಇಳುವರಿ, ಫಲ ಕೊಡದ ಪ್ರಯತ್ನಗಳು ಒಂದೊಂದು ಸಾಲಿನಲ್ಲಿರಲಿ. ಪಬ್‌ಕೆಮ್ ಇಂಥ ಠೇವಣಿಯನ್ನು ಜಗತ್ತಿನ ಯಾವ ಸಂಸ್ಥೆಯಿಂದಲಾದರೂ ಪಡೆಯುತ್ತದೆ. ಪ್ರಬಂಧ ಬರೆಯುವಾಗ ಈ ಚಿತ್ರಗಳನ್ನೆಲ್ಲ ವಿದ್ಯಾರ್ಥಿ ಹೇಗೂ ಕಂಪ್ಯೂಟರಿನಲ್ಲೇ ಬಿಡಿಸಿರುತ್ತಾಳೆ. ಅದೇ ಚಿತ್ರವನ್ನು ಇನ್ನೊಂದು ರೂಪದಲ್ಲಿ ಉಳಿಸುವುದು ಒಂದು ಮಧ್ಯಾಹ್ನದ ಕೆಲಸ.